ಬಸಿಗಾಲುವೆ ಇಲ್ಲದ ಓದು

ನವರಾತ್ರಿಯ ನಾಲ್ಕನೇ ದಿನ ಇರಬೇಕು. ಗುಡಿಯ ಪೌಳಿಯಲ್ಲಿ ದೇವಿ ಪುರಾಣ ನಡೆದಿತ್ತು. ನಮ್ಮ ಕಡೆ ಪುರಾಣ ಓದಿಸುವುದಕ್ಕೆ ‘ಪುರಾಣ ಹಚ್ಚುವುದು’ ಅನ್ನುತ್ತಾರೆ, ದೀಪ ಹಚ್ಚಿದ ಹಾಗೆ. ವ್ಯಾಸಪೀಠದ ಮೇಲೆ ಕೆಂಪು ವಸ್ತ್ರ, ಅದರ ಮೇಲೆ ಪುಸ್ತಕ. ಹಾಳೆಗಳ ಕೆಳಮೂಲೆ ಎಣ್ಣೆಬೆರಳು ತಾಗಿ ತಾಗಿ ಅಕ್ಷರವೇ ಕಾಣದಷ್ಟು ಕಪ್ಪಾಗಿತ್ತು. ಒಬ್ಬರು ರಾಗ ಎಳೆದು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ನಾನಾಗ ಹೈಸ್ಕೂಲು. ಆ ದಿನ ಓದಲು ಕೂತವರು ಹೊಸಬರು. ಎರಡು ಹಾಳೆ ಅಂಟಿಕೊಂಡಿದ್ದವೋ ಏನೋ, ಓದು ಒಮ್ಮೆಗೇ ಮುಂದಕ್ಕೆ ಹಾರಿತು. ಮುಂದೆ ಕೂತಿದ್ದ ಗಂಡಸರಿಗೆ ಯಾರಿಗೂ ತಿಳಿಯಲಿಲ್ಲ. ಕಂಬದ ಹಿಂದಿದ್ದ ಒಬ್ಬ ಅಜ್ಜಿ, ಹೆಬ್ಬೆಟ್ಟು ಒತ್ತುವವಳು, ಸೆರಗು ಎಳೆದುಕೊಂಡು ಅಂದಳು: “ತಡೀರಿ ಅಯ್ಯನೋರೇ, ನಡುವ ಬಿಟ್ಟೀರಿ. ದೇವಿ ಇನ್ನಾ ಸಿಂಹ ಏರಿಲ್ಲ, ನೀವು ಆಗಲೇ ಯುದ್ಧಕ್ಕ ಹೋದ್ರಿ.”

ಹಾಳೆ ಬಿಡಿಸಿ ನೋಡಿದರೆ ಅಜ್ಜಿ ಹೇಳಿದ್ದೇ ನಿಜ.

ತುಂಗಭದ್ರಾ ಹೊಳೆಯಾಚೆ ಸಿಂಧನೂರು ಸೀಮೆಯ ಸಿದ್ಧಪರ್ವತದಲ್ಲಿದ್ದ ಚಿದಾನಂದಾವಧೂತರು 18ನೇ ಶತಮಾನದಲ್ಲಿ ಬರೆದ ಪುರಾಣ ಅದು. ಆ ಅಜ್ಜಿ ವರ್ಷಕ್ಕೊಮ್ಮೆಯಂತೆ ಮದುವೆಯಾಗಿ ಬಂದಾಗಿನಿಂದ ಕೇಳುತ್ತ ಬಂದವಳು. ಇಡೀ ಜೀವಮಾನದಲ್ಲಿ ಆಕೆಯ ಕಿವಿಗೆ ಬಿದ್ದ ಪುಸ್ತಕ ಮೂರೋ ನಾಲ್ಕೋ. ಆದರೆ ಆ ಮೂರು ನಾಲ್ಕರಲ್ಲಿ ಒಂದು ಪದ್ಯ ಹಾರಿದರೂ, ಮನೆಯಲ್ಲಿ ಒಂದು ಪಾತ್ರೆ ಕಾಣೆಯಾದ ಹಾಗೆ ಅವಳಿಗೆ ತಟ್ಟನೆ ತಿಳಿಯುತ್ತಿತ್ತು. ನಾನು ಅವಳಿಗಿಂತ ನೂರಾರು ಪಟ್ಟು ಹೆಚ್ಚು ಪುಸ್ತಕ ಓದಿದ್ದೇನೆ. ಅವುಗಳಲ್ಲಿ ನಡುವಿನ ಎರಡು ಹಾಳೆ ಹರಿದು ಹಾಕಿದರೆ ನನಗೆ ಗೊತ್ತಾಗುವುದು ಎಷ್ಟು ಪುಸ್ತಕದಲ್ಲಿ? ಕೈಬೆರಳಲ್ಲಿ ಎಣಿಸಬಹುದು.

ನಮ್ಮ ರಾರಾವಿ ಸಿರುಗುಪ್ಪದಿಂದ ಆದೋನಿಗೆ ಹೋಗುವ ದಾರಿಯಲ್ಲಿ ಹಗರಿ ದಂಡೆಯ ಊರು. ಪುಸ್ತಕದಲ್ಲಿ ಈ ನದಿಗೆ ವೇದಾವತಿ ಎಂದು ಹೆಸರು. ಊರವರ ಬಾಯಲ್ಲಿ ಹಗರಿಯೇ. ಕಳೆದ ವರ್ಷ ಊರ ಗ್ರಂಥಾಲಯದಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: “ಸಾರ್, ಎಷ್ಟು ಪುಸ್ತಕ ಓದಿದರ ಸಾಕು?” ಮಕ್ಕಳ ಪ್ರಶ್ನೆಗೆ ತಕ್ಷಣ ಉತ್ತರ ಕೊಡುವುದು ಮೇಷ್ಟ್ರುಗಿರಿಯ ಅಭ್ಯಾಸ. ಆ ದಿನ ಬಾಯಿ ಕಟ್ಟಿತು. ಮನೆಗೆ ಬಂದು ಲೆಕ್ಕ ಹಾಕಿದೆ. ವಾರಕ್ಕೊಂದು ಪುಸ್ತಕ ತಪ್ಪದೆ ಓದಿದರೆ ವರ್ಷಕ್ಕೆ 52. ಐವತ್ತು ವರ್ಷ ಬಿಡದೆ ಓದಿದರೆ 2,600. ಅಷ್ಟೇ. ದೊಡ್ಡ ಓದುಗ ಎನಿಸಿಕೊಂಡವನ ಇಡೀ ಆಯುಷ್ಯದ ಓದು ಒಂದು ಸಾಧಾರಣ ಕಾಲೇಜು ಗ್ರಂಥಾಲಯದ ಒಂದೆರಡು ಸಾಲು ಕಪಾಟು ತುಂಬುತ್ತದೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಲಕ್ಷಾಂತರ ಪುಸ್ತಕ ಕೂಡಿಸಿ ಪುಸ್ತಕದ ಮನೆ ಮಾಡಿದ್ದಾರೆ. ಬಸ್ ಕಂಡಕ್ಟರ್ ಆಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ಬಂದ ಸಂಬಳವನ್ನು ಪುಸ್ತಕಕ್ಕೆ ಸುರಿದವರು. ಆ ರಾಶಿಯಲ್ಲಿ ನಮ್ಮ 2,600 ಎಲ್ಲಿ ಕಾಣಬೇಕು? ಹಾಗಾಗಿ ‘ಬಹಳ ಓದಿದವನು’ ಅನ್ನುವುದು ಓದದಿದ್ದವರ ಪಕ್ಕ ನಿಂತಾಗ ಮಾತ್ರ ನಿಲ್ಲುವ ಮಾತು. ಓದದೆ ಉಳಿದದ್ದರ ಪಕ್ಕ ನಿಂತರೆ ಎಲ್ಲರೂ ಒಂದೇ.

ಹುಡುಗಿಗೆ ಈ ಲೆಕ್ಕ ಹೇಳಬಹುದಿತ್ತು. ಆದರೆ ಅವಳು ಕೇಳಿದ್ದು ಲೆಕ್ಕವನ್ನಲ್ಲ. ಓದಿನಿಂದ ಏನಾಗುತ್ತದೆ ಅನ್ನುವುದನ್ನು ಆಕೆ ತನಗೆ ತಿಳಿದ ಮಾತಿನಲ್ಲಿ ಕೇಳಿದ್ದಳು. ಅದಕ್ಕೆ ನನ್ನ ಹತ್ತಿರ ಇರುವ ಉತ್ತರ ಹೊಲದ್ದು.

ಅಪ್ಪನಿಂದ ಬಂದ ಎರಡು ಎಕರೆ ಕಾಲುವೆಯ ಕೆಳಭಾಗದಲ್ಲಿದೆ. ಎರೆ ಭೂಮಿ. ಎಲ್ಲರಂತೆ ನಾವೂ ಭತ್ತ ಬೆಳೆಯುವವರು. ಹದಿನೈದು ವರ್ಷದ ಹಿಂದೆ ಮಸನೊಬು ಫುಕುವೊಕ ಅವರ ‘ಒಂದು ಹುಲ್ಲಿನ ಕ್ರಾಂತಿ’ ಓದಿದೆ. ಜಪಾನಿನ ಶಿಕೊಕು ದ್ವೀಪದ ರೈತ. ನೇಗಿಲು ಹೂಡದೆ, ಗೊಬ್ಬರ ಸುರಿಯದೆ, ಬೀಜ ಎರಚಿ ಮೇಲೆ ಹುಲ್ಲು ಹೊದಿಸಿ ಭತ್ತ ಬೆಳೆದವರು. ಆ ಪುಸ್ತಕ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗಲೂ ಅದು ದೊಡ್ಡ ಪುಸ್ತಕ ಎಂದೇ ನನ್ನ ಭಾವನೆ. ಆ ವರ್ಷ ಅರ್ಧ ಎಕರೆಯಲ್ಲಿ ಹಾಗೇ ಮಾಡಿದೆ. ಮೊಳಕೆ ಬಂತು. ಗೇಣುದ್ದ ಆಗುವಷ್ಟರಲ್ಲಿ ತಗ್ಗಿನ ಮೂಲೆಯ ಪೈರು ತುದಿಯಿಂದ ಹಳದಿ ತಿರುಗಿ, ಸುಟ್ಟಂತೆ ಒಣಗಿತು. ಉಳಿದದ್ದನ್ನು ಕಳೆ ನುಂಗಿತು.

ಮುಂದೆ ಮಾಡಿದ ತಪ್ಪನ್ನೇ ಇಲ್ಲಿ ಹೇಳಬೇಕಾದ್ದು. ನಾನು ಹೊಲಕ್ಕೆ ಹೋಗಲಿಲ್ಲ, ಪುಸ್ತಕದ ಅಂಗಡಿಗೆ ಹೋದೆ. ಎರೆಹುಳುವಿನ ಪುಸ್ತಕ ತಂದೆ, ಜೀವಾಮೃತದ ಪುಸ್ತಕ ತಂದೆ, ಮಣ್ಣಿನ ಸೂಕ್ಷ್ಮಜೀವಿಗಳ ಪುಸ್ತಕ ತಂದೆ. ಒಂದು ಪುಸ್ತಕದಿಂದ ಎದ್ದ ಸಂಶಯಕ್ಕೆ ಇನ್ನೊಂದರಲ್ಲಿ ಸಮಾಧಾನ ಹುಡುಕಿದೆ. ಒಂದೊಂದೂ ಒಂದೊಂದು ಕಾರಣ ಹೇಳುತ್ತಿತ್ತು, ಎಲ್ಲ ಕಾರಣವೂ ನನಗೆ ಸರಿ ಅನಿಸುತ್ತಿತ್ತು. ಎರಡು ಹಂಗಾಮು ಹೀಗೇ ಹೋಯಿತು. ಕೊನೆಗೆ ನಮ್ಮ ಹೊಲದ ಕೆಳಗೆ ಕೋರಿಗೆ ಮಾಡುತ್ತಿದ್ದ ಒಬ್ಬ ತಾತ ಬದುವಿನ ಮೇಲೆ ಹೋಗುವವರು ನಿಂತರು. ಕೇರಿಯವರು, ಎಪ್ಪತ್ತು ದಾಟಿದವರು. ತಗ್ಗಿಗೆ ಇಳಿದು ಕಾಲಿನ ಹೆಬ್ಬೆರಳಿನಿಂದ ಮಣ್ಣಿನ ಮೇಲಿನ ಬೆಳ್ಳನೆ ಹೊಪ್ಪಳೆ ಕೆರೆದರು. ಚಿಟಿಕೆ ತೆಗೆದು ನಾಲಗೆಗೆ ಹಚ್ಚಿ ಉಗುಳಿದರು.

“ಇದು ಚೌಳು ಮೇಷ್ಟ್ರೇ. ಬೀಜದ ತಪ್ಪಲ್ಲ, ನಿಮ್ಮ ಪುಸ್ತಕದ ತಪ್ಪೂ ಅಲ್ಲ. ನೀರು ಬರಾಕ ದಾರಿ ಐತಿ, ಹೋಗಾಕ ದಾರಿ ಇಲ್ಲ.”

ತುಂಗಭದ್ರಾ ಅಣೆಕಟ್ಟೆಯ ನೀರು 1953ರಿಂದ ಈ ಸೀಮೆಗೆ ಬಂತು. ಅದಕ್ಕೆ ಮೊದಲು ಇದು ಜೋಳ, ಹತ್ತಿಯ ಒಣ ಭೂಮಿ. ಬರ ಅಂದರೆ ಏನೆಂದು ಬಲ್ಲ ನೆಲಕ್ಕೆ ನೀರು ಸಿಕ್ಕಿದ್ದು ದೊಡ್ಡ ಭಾಗ್ಯ. ಸಿರುಗುಪ್ಪದ ಭತ್ತ ಹೆಸರಾದದ್ದು ಆ ನೀರಿನಿಂದ. ಆದರೆ ಎರೆಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ವರ್ಷ ವರ್ಷ ಹಾಯಿಸಿದ ನೀರು ನಿಂತು, ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ನೆಲದಾಳದ ಉಪ್ಪು ಕರಗಿ ಆ ನೀರಿನ ಜೊತೆ ಮೇಲೆ ಬರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ. ಪೈರಿನ ಬುಡದಲ್ಲಿ ನೀರು ನಿಂತಿದ್ದರೂ ಬೇರು ಅದನ್ನು ಹೀರಲಾರದು. ಮದ್ದು ಹೆಚ್ಚು ನೀರೂ ಅಲ್ಲ, ನೀರು ನಿಲ್ಲಿಸುವುದೂ ಅಲ್ಲ; ಬಸಿಗಾಲುವೆ ತೋಡುವುದು. ತಾತ ಹೇಳಿದ ಕಡೆ ಎದೆಯಾಳ ತೋಡಿಸಿದೆ. ಮೂರನೇ ಮಳೆಗಾಲಕ್ಕೆ ಆ ಮೂಲೆ ಹಸಿರಾಯಿತು.

‘ಪುಸ್ತಕದ ಬದನೆಕಾಯಿ’ ಎಂಬ ಮಾತು ಎಲ್ಲರಿಗೂ ಗೊತ್ತು, ಪಲ್ಯಕ್ಕೆ ಬಾರದ ಬದನೆಕಾಯಿ. ನನಗೆ ಅಂದು ತಿಳಿದದ್ದು ಅದಲ್ಲ. ಪುಸ್ತಕದ ಬದನೆಕಾಯಿ ಕೆಟ್ಟದ್ದಲ್ಲ, ಅದನ್ನು ಹಿತ್ತಿಲಿನ ಬದನೆಗಿಡದ ಪಕ್ಕ ಹಿಡಿದು ನೋಡದಿರುವುದು ಕೆಟ್ಟದ್ದು. ನನ್ನ ಓದು ಬರುತ್ತಲೇ ಇತ್ತು, ಹೊರಗೆ ಹೋಗುತ್ತಿರಲಿಲ್ಲ. ಯಾರಿಗೂ ಹೇಳುತ್ತಿರಲಿಲ್ಲ, ಯಾರನ್ನೂ ಕೇಳುತ್ತಿರಲಿಲ್ಲ, ಕೈಯಲ್ಲಿ ಮಾಡಿ ಸೋತು ಮತ್ತೆ ಮಾಡುತ್ತಿರಲಿಲ್ಲ. ನಿಂತ ಓದು ಉಪ್ಪನ್ನು ಮೇಲೆ ತರುತ್ತದೆ. ಆ ಉಪ್ಪಿಗೆ ನಾವು ಪಾಂಡಿತ್ಯ ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ.

‘ಓದಿ ಓದಿ ಮರುಳಾದ ಕೂಚಂಭಟ್ಟ’ ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟರು. ಪಂಚತಂತ್ರದ ಕತೆಯಲ್ಲಿ ನಾಲ್ವರು ಪಂಡಿತರು ದಾರಿ ಕವಲೊಡೆದಲ್ಲಿ ಪುಸ್ತಕ ಬಿಚ್ಚಿ ನೋಡಿ, ಜನ ಹೋದದ್ದೇ ದಾರಿ ಎಂಬ ಅರ್ಥ ಸಿಕ್ಕಿ, ಹೆಣದ ಹಿಂದೆ ಹೋಗುತ್ತಿದ್ದ ಜನರ ಬೆನ್ನು ಹಿಡಿದು ಸುಡುಗಾಡು ಸೇರುತ್ತಾರೆ. ಪುಸ್ತಕದ ಮಾತು ಸುಳ್ಳಾಗಿರಲಿಲ್ಲ. ಅಳುವ ದನಿ ಅವರ ಕಿವಿಗೆ ಬೀಳಲಿಲ್ಲ, ಅಷ್ಟೇ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್‌ನ ಕತೆ ಇನ್ನೂ ಕರುಳು ಹಿಂಡುವಂಥದ್ದು. ಮೂರನೇ ವಯಸ್ಸಿಗೆ ಗ್ರೀಕ್ ಕಲಿಸಿದ ತಂದೆ, ಆಡುವ ವಯಸ್ಸಿನಲ್ಲಿ ಇತಿಹಾಸ, ತರ್ಕ, ಅರ್ಥಶಾಸ್ತ್ರ ಎಲ್ಲ ಓದಿಸಿ ಮುಗಿಸಿದ. ಇಪ್ಪತ್ತಕ್ಕೆ ಹುಡುಗ ಕುಸಿದ. ಯಾವುದರಲ್ಲೂ ರುಚಿ ಇಲ್ಲ, ಯಾವುದಕ್ಕೂ ಮನಸ್ಸು ಮಿಡಿಯದು. ಹೊರಗೆ ಬರಲು ಅವನಿಗೆ ನೆರವಾದದ್ದರಲ್ಲಿ ವರ್ಡ್ಸ್‌ವರ್ತನ ಕವಿತೆಗಳೂ ಒಂದು. ಅಂದರೆ ಅದೂ ಪುಸ್ತಕವೇ. ಈ ಮಾತು ನನಗೆ ಬಹಳ ಮುಖ್ಯ: ಓದಿನಿಂದ ಆದ ಗಾಯಕ್ಕೆ ಓದು ಬಿಡುವುದು ಮದ್ದಲ್ಲ.

ಇಲ್ಲಿ ನಾನೇ ತಪ್ಪಿಬೀಳಬಹುದಾದ ಜಾಗ ಒಂದಿದೆ. ಪುರಾಣದ ಅಜ್ಜಿಯನ್ನು ನೆನೆದು, ಹಳೆಯ ಕಾಲವೇ ಚೆನ್ನ, ಒಂದು ಪುಸ್ತಕ ನೂರು ಸಲ ಓದಿದರೆ ಸಾಕು ಎಂದು ಬರೆದು ಮುಗಿಸುವುದು ಸುಲಭ. ಚೌಳು ತೋರಿಸಿದ ತಾತನನ್ನು ಒಮ್ಮೆ ಕೇಳಿದೆ, ನೀವೂ ಆ ಪುರಾಣ ಕೇಳಿದ್ದೀರಾ ಎಂದು. “ಕೇಳೀನಿ. ಪೌಳಿ ಗ್ವಾಡಿ ಹೊರಗ ನಿಂತು. ರಾಗ ಕೇಳತಿತ್ತು, ಅರ್ಥ ಕೇಳತಿರಲಿಲ್ಲ,” ಎಂದರು. ರಾಗ ಎತ್ತರದ ದನಿ, ಗೋಡೆ ದಾಟುತ್ತದೆ. ಅರ್ಥ ಹೇಳುವವರದು ಮಾತಿನ ದನಿ, ಒಳಗಿದ್ದವರಿಗಷ್ಟೇ. ಇಡೀ ಊರು ಒಂದೇ ಪುಸ್ತಕ ಕೇಳುತ್ತಿತ್ತು ಎಂದು ನಾನು ಇಷ್ಟು ವರ್ಷ ಹೆಮ್ಮೆಯಿಂದ ಹೇಳುತ್ತ ಬಂದವನು. ಇಡೀ ಊರು ಕೇಳಿರಲಿಲ್ಲ.

ಹೆಚ್ಚು ಪುಸ್ತಕ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ. ಒಂದೇ ಪುಸ್ತಕ ಇರುವಲ್ಲಿ ಅದರ ಅರ್ಥ ಹೇಳುವವರ ಕೈಯಲ್ಲಿ ಊರಿರುತ್ತದೆ. ಅಚ್ಚಾದ ಪುಸ್ತಕ ಯಾರ ಕೈಗಾದರೂ ಹೋಗುತ್ತದೆ, ಜಾತಿ ಕೇಳುವುದಿಲ್ಲ. ಎರಡನೇ ಪುಸ್ತಕ ಮೊದಲನೆಯದನ್ನು ಪ್ರಶ್ನಿಸುತ್ತದೆ. ಹತ್ತನೆಯದು ಬರುವ ಹೊತ್ತಿಗೆ ಓದುಗ ತಾನೇ ಅರ್ಥ ಹೇಳಿಕೊಳ್ಳಲು ಕಲಿತಿರುತ್ತಾನೆ. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು, ತಮಗೆ ಶಾಲೆಯ ಭಾಗ್ಯ ಸಿಗಲಿಲ್ಲ, ಬೇರೆಯವರಾದರೂ ಕನ್ನಡ ಓದಲಿ ಎಂದು ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಸುಮಾರು 11,000 ಪುಸ್ತಕ ಸುಟ್ಟವು. ಓದು ಬಾರದವರು ಓದಿಗಾಗಿ ಅತ್ತರು. ಅಂಥವರ ಮುಂದೆ ನಿಂತು, ಬಹಳ ಓದುವುದರಿಂದ ನಷ್ಟವಿದೆ ಎಂದು ಹೇಳಲು ಯಾರಿಗಾದರೂ ನಾಲಗೆ ತೊದಲಬೇಕು.

ಗಡಿಯ ಊರಿನವನಾಗಿ ಇನ್ನೊಂದು ಮಾತು. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಯ ಕಡೆಯ ತಾಲ್ಲೂಕುಗಳು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಮ್ಮ ಸಂತೆ, ಬೀಗತನ, ಆಸ್ಪತ್ರೆಯ ಓಡಾಟ ಎಲ್ಲ ಗೆರೆಯ ಎರಡೂ ಕಡೆ. ಹಿರಿಯರಲ್ಲಿ ಹಲವರು ಕನ್ನಡವನ್ನೂ ತೆಲುಗನ್ನೂ ಓದುತ್ತಿದ್ದರು. ಅಕ್ಷರಗಳೂ ಅಕ್ಕತಂಗಿಯರ ಹಾಗೆ ಇವೆ. ಜೋಳದರಾಶಿಯ ದೊಡ್ಡನಗೌಡರು ರೈತರು, ಗಮಕಿಗಳು, ಬಳ್ಳಾರಿ ರಾಘವರ ಜೊತೆ ಬಣ್ಣ ಹಚ್ಚಿದವರು, ಎರಡೂ ಭಾಷೆ ಬಲ್ಲವರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು ‘ನಂದೇ ನಾನೋದಿದೆ’. ಎಲ್ಲರದನ್ನೂ ಓದಿ, ಹಾಡಿ, ಆಡಿ, ಕೊನೆಗೆ ತನ್ನದನ್ನು ಓದಿಕೊಂಡ ಮನುಷ್ಯ. ಕಾಲುವೆ ನೀರಿನ ಜಗಳ ಬಂದಾಗಲೆಲ್ಲ ನಾನು ಎರಡೂ ಭಾಷೆಯ ಪತ್ರಿಕೆ ನೋಡುತ್ತೇನೆ. ಒಂದನ್ನೇ ಓದಿದ ದಿನ ಕೋಪ ಬರುತ್ತದೆ. ಎರಡನ್ನೂ ಓದಿದ ದಿನ ಆಚೆ ದಡದ ಕೊನೆ ಭಾಗದ ರೈತನ ಮುಖ ಕಾಣುತ್ತದೆ, ಅವನ ಪೈರೂ ಒಣಗುತ್ತಿದೆ. ರಾಜ್ಯದ ಇನ್ನೊಂದು ಗಡಿಯಲ್ಲಿ, ಮಂಜೇಶ್ವರದಲ್ಲಿ ಕೂತು ಇಪ್ಪತ್ತಕ್ಕೂ ಹೆಚ್ಚು ಭಾಷೆ ಕಲಿತ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನೂ ಬುದ್ಧನ ಕೊನೆಯ ದಿನವನ್ನೂ ಕನ್ನಡದಲ್ಲಿ ಕಟ್ಟಿದರು. ಅಷ್ಟು ದೂರದ ಸಾವುಗಳಿಗೆ ಹೃದಯ ಮಿಡಿಯಬೇಕಾದರೆ ಅಷ್ಟು ಓದಬೇಕಾಯಿತೋ ಏನೋ.

ಬಹಳ ಓದುವುದಕ್ಕೆ ಇನ್ನೊಂದು ಸಮರ್ಥನೆಯನ್ನು ನಮ್ಮ ಹಳೆಯ ಬಳ್ಳಾರಿ ಜಿಲ್ಲೆಯ ಬೀಚಿಯವರಿಂದ ಕಲಿತೆ. ಪೂರ್ತಿ ಹೆಸರು ರಾಯಸಂ ಭೀಮಸೇನರಾಯರು, ನಾಡಿಗೆಲ್ಲ ಬೀಚಿ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು, ಪೊಲೀಸ್ ಇಲಾಖೆಯ ನೌಕರರು. ಮೊದಲೆಲ್ಲ ಇಂಗ್ಲಿಷ್ ಪುಸ್ತಕ ಓದಿಕೊಂಡು, ಕನ್ನಡದಲ್ಲಿ ಓದುವಂಥದ್ದು ಏನಿದೆ ಎಂದುಕೊಂಡಿದ್ದವರ ಕೈಗೆ ಅನಕೃ ಅವರ ‘ಸಂಧ್ಯಾರಾಗ’ ಬಿತ್ತು. ಅದೊಂದು ಕಾದಂಬರಿ ಅವರನ್ನು ಕನ್ನಡಕ್ಕೆ ತಿರುಗಿಸಿತು. ಬದುಕು ತಿರುಗಿಸುವ ಪುಸ್ತಕ ಒಂದೋ ಎರಡೋ ಇರುತ್ತದೆ, ನಿಜ. ಅದು ಯಾವುದು ಎಂದು ಮುಂಚೆಯೇ ಹೇಳುವವರು ಯಾರು? ಯಾವ ಪಟ್ಟಿಯಲ್ಲೂ ಅದು ಗುರುತು ಹಚ್ಚಿಕೊಂಡು ಕೂತಿರುವುದಿಲ್ಲ. ನೂರು ಬಾಗಿಲು ತಟ್ಟಿದವನಿಗೆ ಒಂದು ಬಾಗಿಲು ತೆರೆಯುತ್ತದೆ. ಉಳಿದ ತೊಂಬತ್ತೊಂಬತ್ತು ವ್ಯರ್ಥ ಎನ್ನಲು ನನಗೆ ಮನಸ್ಸು ಬಾರದು.

ಹನ್ನೆರಡನೇ ಶತಮಾನದ ಶರಣರಿಗೆ ಬರಿಯ ಓದಿನ ಮೇಲೆ ಸಿಟ್ಟಿತ್ತು. ಓದಿದಂತೆ ನಡೆಯದವನ ಓದು ಗಿಳಿಪಾಠ ಎಂಬುದು ಅವರ ನಿಲುವು. ಆ ಮಾತುಗಳು ನಮ್ಮವರೆಗೆ ಬಂದದ್ದು ಹೇಗೆ? ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಊರೂರು ಅಲೆದು, ಮಠಗಳ, ಮನೆಗಳ ತಾಡೋಲೆ ಕಟ್ಟು ಬಿಚ್ಚಿ, ಹುಳು ತಿಂದ ಅಕ್ಷರ ಕೂಡಿಸಿ ಓದಿದ್ದರಿಂದ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. ಅಚ್ಚಿಗಾಗಿ ಅವರು ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ, 1926ರಲ್ಲಿ, ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಬಳ್ಳಾರಿಯಲ್ಲೇ ಅವರ ಅಧ್ಯಕ್ಷತೆಯಲ್ಲಿ ನಡೆಯಿತು. ಓದನ್ನು ಪ್ರಶ್ನಿಸಿದವರ ಮಾತನ್ನು ಉಳಿಸಿದ್ದು ಇಂಥ ಒಬ್ಬ ಓದುಗ. ಆದರೆ ಗಮನಿಸಿ, ಹಳಕಟ್ಟಿಯವರ ಓದು ಒಳಗೆ ನಿಲ್ಲಲಿಲ್ಲ. ಓದಿದ್ದೆಲ್ಲ ಅಚ್ಚಾಗಿ ಹೊರಗೆ ಹರಿಯಿತು. ಮನೆಯೂ ಅದರ ಜೊತೆ ಹೋಯಿತು.

ಮನೆ ಎಂದಾಗ ಇನ್ನೊಂದು ವಿಷಯ ಹೇಳದೆ ಇರಲಾರೆ. ಬಹಳ ಓದುವುದರ ನಷ್ಟಗಳಲ್ಲಿ ಕಣ್ಣು, ಬೆನ್ನು, ನಿದ್ದೆ ಎಂದು ಎಲ್ಲರೂ ಎಣಿಸುತ್ತಾರೆ. ನಾನು ಓದಿದ ಸಾವಿರಾರು ಗಂಟೆಗಳಲ್ಲಿ ನಮ್ಮ ಮನೆಯ ಕೆಲಸ ನಿಂತಿತ್ತೆ? ಇಲ್ಲ. ನೀರು ಬರುತ್ತಿತ್ತು, ರೊಟ್ಟಿ ಬೇಯುತ್ತಿತ್ತು, ದನಕ್ಕೆ ಮೇವು ಬೀಳುತ್ತಿತ್ತು. ಅಮ್ಮ ಮಾಡುತ್ತಿದ್ದಳು, ಆಮೇಲೆ ಹೆಂಡತಿ. ಅಮ್ಮ ನಾಲ್ಕನೇ ಇಯತ್ತೆ ಓದಿದ್ದಳು. ಕಿರಾಣಿ ಅಂಗಡಿಯಿಂದ ಬಂದ ಬೆಲ್ಲದ ಪೊಟ್ಟಣ ಬಿಚ್ಚಿ, ಬೆಲ್ಲ ಡಬ್ಬಿಗೆ ಹಾಕಿ, ಆ ಕಾಗದವನ್ನು ಮೊಣಕಾಲ ಮೇಲೆ ಅಂಗೈಯಿಂದ ತೀಡಿ, ಒಲೆಯ ಬೆಳಕಿಗೆ ಹಿಡಿದು ಓದುತ್ತಿದ್ದಳು. ಹಳೆಯ ಪತ್ರಿಕೆಯ ಧಾರಾವಾಹಿಯ ಒಂದು ಕಂತಿನ ಅರ್ಧ. ಮುಂದೇನಾಯಿತು ಎಂಬುದು ಅವಳಿಗೆ ಎಂದೂ ಸಿಗಲಿಲ್ಲ. “ಆ ಹುಡುಗಿ ತವರಿಗೆ ಹೋದಳೋ ಇಲ್ಲೋ ತಿಳೀಲಿಲ್ಲ ನೋಡಪ್ಪ,” ಎಂದು ಯಾವುದೋ ಕತೆಯ ಬಗ್ಗೆ ವರ್ಷಗಟ್ಟಲೆ ಹೇಳುತ್ತಿದ್ದಳು. ಅದೇ ಮನೆಯ ನಡುಮನೆಯಲ್ಲಿ ನನ್ನ ಪುಸ್ತಕದ ಕಪಾಟು ಇತ್ತು. ಒಂದು ಪುಸ್ತಕ ತೆಗೆದು ಅವಳ ಕೈಗೆ ಕೊಡಬೇಕೆಂದು ನನಗೆ ಹೊಳೆದದ್ದು ಅವಳ ಕಣ್ಣು ಮಂಜಾದ ಮೇಲೆ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರಿಗೂ ಶಾಲೆ ಅರ್ಧಕ್ಕೇ ನಿಂತಿತ್ತು. ಮನೆಯಲ್ಲಿ ಕೂತು ಓದಿ ಓದಿ, ನಲವತ್ತು ದಾಟಿದ ಮೇಲೆ ಬರೆಯಲು ತೊಡಗಿದರು. ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂತು. ಅದೇ ಹೊಳೆಯ ಕೆಳಗಿನ ಸೀಮೆಯಲ್ಲಿದ್ದ ನಮ್ಮಮ್ಮನಿಗೆ ಆ ಪುಸ್ತಕ ಓದಿ ಹೇಳಿದೆ, ಅವಳ ಕೊನೆಯ ಎರಡು ವರ್ಷಗಳಲ್ಲಿ. ನನ್ನ ಇಡೀ ಓದಿನಲ್ಲಿ ಬಹಳ ತಡವಾಗಿ ಮಾಡಿದ ಒಂದು ಒಳ್ಳೆಯ ಕೆಲಸ ಅದು.

ಈಗಿನ ಹುಡುಗರ ಓದು ಬೇರೆ. ಸಿರುಗುಪ್ಪ, ಕುರುಗೋಡು ಕಡೆಯ ಹುಡುಗರು ಪಿಡಿಒ, ಪಿಎಸ್‌ಐ ಪರೀಕ್ಷೆಗೆಂದು ಧಾರವಾಡಕ್ಕೆ ಹೋಗಿ ರೂಮು ಮಾಡಿಕೊಂಡು ದಿನಕ್ಕೆ ಹನ್ನೆರಡು ತಾಸು ಓದುತ್ತಾರೆ. ಕಂತೆ ಕಂತೆ ಗೈಡು. ಅದನ್ನು ಓದಲ್ಲ ಎನ್ನಲು ನಾನು ತಯಾರಿಲ್ಲ; ಒಂದು ನೌಕರಿ ಒಂದು ಮನೆತನವನ್ನು ಸಾಲದಿಂದ ಎತ್ತುವುದನ್ನು ಕಂಡಿದ್ದೇನೆ. ಆದರೆ ಪರೀಕ್ಷೆ ಮುಗಿದ ಮರುದಿನ ಗೈಡುಗಳು ರದ್ದಿಗೆ ಹೋಗುವಾಗ ಅವರ ಮುಖದಲ್ಲಿ ಪುಸ್ತಕದ ಮೇಲೆ ಒಂದು ಜಿಗುಪ್ಸೆ ಕಾಣುತ್ತದೆ. ಆಮೇಲೆ ಅವರು ಓದುವುದೇ ಇಲ್ಲ. ಆ ನಷ್ಟ ದೊಡ್ಡದು. ಫೋನಿನಲ್ಲಿ ಹತ್ತು ನಿಮಿಷಕ್ಕೊಂದು ಪುಸ್ತಕದ ಸಾರ ಕೇಳುವವರೂ ಇದ್ದಾರೆ. ಸಾರದಲ್ಲಿ ದೇವಿ ಸಿಂಹ ಏರುವ ಪದ್ಯ ಇರುವುದಿಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ನಮ್ಮಲ್ಲಿ ಇರುವುದು ನಾವೇ ಕಟ್ಟುವ ಕರದ ಬಲದಿಂದ. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ. 2019ರಲ್ಲಿ ಅವು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು, 2020ರಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಶುರುವಾಯಿತು, ಬೋರ್ಡಿನ ಮೇಲೆ ಈಗ ‘ಅರಿವು ಕೇಂದ್ರ’ ಎಂದಿದೆ. ನನಗೆ ಪ್ರಶ್ನೆ ಕೇಳಿದ ಹುಡುಗಿ ಅಲ್ಲಿ ವಾರಕ್ಕೆ ಎರಡು ಪುಸ್ತಕ ಓದುತ್ತಾಳೆ. ಎಷ್ಟು ಓದಿದರೆ ಸಾಕು ಎಂದು ಅವಳಿಗೆ ನಾನು ಹೇಳಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಸಣ್ಣ ಮಕ್ಕಳನ್ನು ಕೂರಿಸಿಕೊಂಡು, ಆ ವಾರ ಓದಿದ್ದನ್ನು ಪುಸ್ತಕ ನೋಡದೆ ಹೇಳು ಎಂದೆ. ಮೊದಲ ವಾರ ನಡುವೆ ನಿಂತಳು. ಮರೆತಲ್ಲಿ ಮಕ್ಕಳು “ಮುಂದ ಏನಾತಕ್ಕಾ?” ಎಂದು ಜಗ್ಗಿದರು. ಮೂರನೇ ವಾರ ತಾನೇ ಒಂದು ಕತೆಯ ಕೊನೆ ಬದಲಾಯಿಸಿ ಹೇಳಿದಳು. ಯಾಕೆ ಎಂದರೆ, “ಅದರಾಗ ಬರೆದದ್ದು ನನಗ ಸೇರಲಿಲ್ಲ ಸಾರ್,” ಎಂದಳು.

ತಾತ ಈಗಲೂ ಸಂಜೆ ಬದುವಿನ ಮೇಲೆ ಸಿಗುತ್ತಾರೆ. ನಾನು ಓದಿದ್ದನ್ನು ಅವರಿಗೆ ಹೇಳುವುದು ಅಭ್ಯಾಸವಾಗಿದೆ. ಮೊನ್ನೆ ಅಂಬೇಡ್ಕರರ ಪುಸ್ತಕಗಳ ವಿಷಯ ಹೇಳುತ್ತಿದ್ದೆ. ನ್ಯೂಯಾರ್ಕಿನಲ್ಲಿ ಓದುವಾಗ ಹೊಟ್ಟೆ ಬಟ್ಟೆ ಕಟ್ಟಿ ಸುಮಾರು 2,000 ಹಳೆಯ ಪುಸ್ತಕ ಕೊಂಡದ್ದು. 1917ರಲ್ಲಿ ಲಂಡನ್ನಿನಿಂದ ಊರಿಗೆ ಬರುವಾಗ ಪುಸ್ತಕದ ಗಂಟು ಬೇರೆ ಹಡಗಿನಲ್ಲಿ ಬರುತ್ತಿದ್ದುದು. ಯುದ್ಧದ ಕಾಲ, ಟಾರ್ಪಿಡೊ ಬಿದ್ದು ಆ ಹಡಗು ಮುಳುಗಿದ್ದು. ಅಷ್ಟು ಓದಿ ಬಂದವರಿಗೆ ಬರೋಡದಲ್ಲಿ ತಂಗಲು ಒಂದು ಕೋಣೆ ಸಿಗದೆ ಹೋದದ್ದು. ಮುಂದೆ ಮುಂಬಯಿಯ ದಾದರಿನಲ್ಲಿ ಪುಸ್ತಕಕ್ಕೆಂದೇ ರಾಜಗೃಹ ಕಟ್ಟಿಸಿದ್ದು.

ತಾತ ಬಹಳ ಹೊತ್ತು ಮಾತಾಡಲಿಲ್ಲ. ಬಸಿಗಾಲುವೆಯಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು. ಕೋಣೆ ಸಿಗದ ವಿಷಯ ಕೇಳುತ್ತಾರೆ ಎಂದುಕೊಂಡಿದ್ದೆ.

“ಮುಳುಗಿದ ಪುಸ್ತಕದಾಗ ಏನೇನು ಬರದಿತ್ತು ಮೇಷ್ಟ್ರೇ?”

“ಗೊತ್ತಿಲ್ಲ ತಾತ.”

“ಅವನ್ನ ಮತ್ತ ಎಲ್ಲೆರ ಅಚ್ಚು ಹಾಕಿರತಾರಲ್ಲ. ಸಿಕ್ಕರ ಓದಿ ಹೇಳ್ರಿ.”